ಬಿಟ್ಟ ತಾರೀಖು

"ಭಾಯ್, ತಮೆ ಅಹೀಂಯಾ ಛೋ ಕೆ ತ್ಯಾಂ?"

ವಡೋದರಾದ ಸರ್ಕಾರಿ ಕಚೇರಿಯೊಂದರ ಕಿಟಕಿಯಾಚೆ ಕೂತಿದ್ದ ಮಹಿಳೆ ಹೀಗೆ ಕೇಳಿದಾಗ ನಾನು ತಬ್ಬಿಬ್ಬಾದೆ. ನೀವು ಇಲ್ಲಿದ್ದೀರೋ ಅಲ್ಲಿದ್ದೀರೋ ಎಂದು ಅದರ ಅರ್ಥ. ಎದುರಿಗೇ ನಿಂತವನನ್ನು ಕೇಳುವ ಪ್ರಶ್ನೆಯೇ ಇದು? ಆದರೆ ತಪ್ಪು ಅವರದಲ್ಲ. ವೈರಿಂಗ್ ಲೈಸೆನ್ಸಿಗೆಂದು ಗದಗಿನಿಂದ ತರಿಸಿದ್ದ ನನ್ನ ಅನುಭವ ಪತ್ರದಲ್ಲಿ ‘ಇಂದಿನವರೆಗೂ ನಮ್ಮಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದಾರೆ’ ಎಂದಿತ್ತು. ನಾನು ವಡೋದರಾಕ್ಕೆ ಬಂದೇ ಮೂರು ವರ್ಷವಾಗಿತ್ತು. ಕೆಲಸ ಬಿಟ್ಟ ತಾರೀಖು ಬರೆಸಿಕೊಂಡು ಬನ್ನಿ ಎಂದು ಆ ಬೆನ್ ಕಾಗದ ಮರಳಿಸಿದರು. ಇಲ್ಲಿ ಹೆಣ್ಣುಮಕ್ಕಳನ್ನೆಲ್ಲ ಬೆನ್, ಅಂದರೆ ಸೋದರಿ, ಎಂದೇ ಕರೆಯುತ್ತಾರೆ.

ನನ್ನ ಹೆಂಡತಿ ಸುಮಂಗಲಾ ವಿಮಾ ಕಚೇರಿಯಲ್ಲಿದ್ದಾಳೆ. ಅವಳಿಗೆ ವರ್ಗವಾಯಿತು, ಮಗಳ ಕೈಹಿಡಿದು ನಾನೂ ಹಿಂದೆ ಹೊರಟೆ. ಗಂಡನ ವರ್ಗಕ್ಕೆ ಹೆಂಡತಿ ಗಂಟುಮೂಟೆ ಕಟ್ಟಿದರೆ ಯಾರೂ ತಿರುಗಿ ನೋಡುವುದಿಲ್ಲ, ನನ್ನನ್ನು ಮಾತ್ರ ಊರೆಲ್ಲ ನೋಡಿತು. ಎರಡು ವರ್ಷ, ಅಷ್ಟೇ, ಎಂದು ಎಲ್ಲರಿಗೂ ಹೇಳಿ ಬಂದಿದ್ದೆ.

ಗದಗಿನಲ್ಲಿ ಹದಿನೆಂಟು ವರ್ಷ ಗುತ್ತಿಗೆದಾರ ರಾಚಣ್ಣನವರ ಕೈಕೆಳಗೆ ದುಡಿದಿದ್ದೆ. ಅಲ್ಲಿ ನನ್ನ ಮುಖವೇ ಲೈಸೆನ್ಸು. ಇಲ್ಲಿ ಲೈಸೆನ್ಸು ಇಲ್ಲದೆ ನನ್ನ ಹೆಸರಿನಲ್ಲಿ ಕೆಲಸ ಹಿಡಿಯುವಂತಿಲ್ಲ. ಹಾಗಾಗಿ ನಲವತ್ತೆರಡನೆಯ ವಯಸ್ಸಿನಲ್ಲಿ ಹೆಲ್ಪರ್ ಆದೆ. ನನಗಿಂತ ಹದಿನೈದು ವರ್ಷ ಚಿಕ್ಕವರು ಏಣಿ ಹತ್ತುತ್ತಾರೆ, ನಾನು ಕೆಳಗೆ ಹಿಡಿದು ನಿಲ್ಲುತ್ತೇನೆ. ಅವರು ಮಾಡುವ ತಪ್ಪು ಕಾಣುತ್ತದೆ, ಹೇಳಿದರೆ "ಹಾ ಕಾಕಾ" ಎಂದು ನಕ್ಕು ತಮ್ಮಂತೆಯೇ ಮಾಡುತ್ತಾರೆ. ಒಳ್ಳೆಯ ಹುಡುಗರೇ. ಊಟಕ್ಕೆ ಕೂತಾಗ ಮೆಂತ್ಯಸೊಪ್ಪಿನ ತೇಪ್ಲಾ ಎಂಬ ತೆಳು ರೊಟ್ಟಿಯನ್ನು ನನ್ನ ಡಬ್ಬಿಗೂ ಹಾಕುತ್ತಾರೆ. ಮಾತು ಮಾತ್ರ ಗುಜರಾತಿಯಲ್ಲಿ ಓಡುತ್ತದೆ. ಅವರು ನಕ್ಕ ಮೇಲೆ ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಉಂಡಿರಲಿಲ್ಲ.

ಅಂದಮೇಲೆ ಆ ತಾರೀಖನ್ನು ಕೂಡಲೇ ಬರೆಸಬೇಕಿತ್ತು. ಆದರೆ ರಾಚಣ್ಣನವರಿಗೆ ಫೋನ್ ಮಾಡಲು ಮೂರು ವಾರ ಹಿಂದೆಮುಂದೆ ನೋಡಿದೆ. "ಮಗಳ ಸಾಲಿ ಇಲ್ಲೇ ಹೊಂದೇತಿ, ಇನ್ನ ವರ್ಗಾ ಕೇಳೂದು ಬ್ಯಾಡ" ಎಂದು ಸುಮಂಗಲಾ ಎಂದೋ ಹೇಳಿದ್ದಳು, ನಾನೂ ಹೂಂ ಅಂದಿದ್ದೆ. ರಾಚಣ್ಣನವರಿಗೆ ಮಾತ್ರ ಅದನ್ನು ಹೇಳಿರಲಿಲ್ಲ. ಹಳೆಯ ಗಿರಾಕಿಗಳು ಕೇಳಿದರೆ ಅವರು ಇನ್ನೂ "ಮಾಂತೇಶ ಬರ್ತಾನ, ತಡೀರಿ" ಅನ್ನುತ್ತಿದ್ದರಂತೆ.

ಕೊನೆಗೊಂದು ಭಾನುವಾರ ಬಾಲ್ಕನಿಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ.

"ರಾಚಣ್ಣಾರ, ಆ ಪತ್ರ ನಡೀಲಿಲ್ರಿ. ಕೆಲಸ ಬಿಟ್ಟ ತಾರೀಖು ಬೇಕಂತ."

"ನೀ ಎಲ್ಲಿ ಬಿಟ್ಟೀಯೋ? ಬರ್ತೀನಿ ಅಂತ ಹೇಳಿ ಹೋಗೀಯಲ್ಲ."

"ಮಗಳ ಸಾಲಿ ಇಲ್ಲೇ ಹೊಂದೇತ್ರಿ" ಎಂದಷ್ಟೇ ಅಂದೆ. ಬಹಳ ಬುದ್ಧಿವಂತ ಮನುಷ್ಯ, ಬಿಡಿಸಿ ಹೇಳಬೇಕಾಗಲಿಲ್ಲ.

"ಹಂಗಾರ ನೀನೇ ಹೇಳಪಾ. ಯಾವ ತಾರೀಖು ಬರೀಲಿ?"

ಊರು ಬಿಡುವ ಹಿಂದಿನ ದಿನದ ತಾರೀಖು ಹೇಳಿದೆ. ಅಂದು ಕಲ್ಯಾಣ ಮಂಟಪವೊಂದರ ಕರೆಂಟಿನ ಬೋರ್ಡು ಕೂರಿಸಿದ್ದೆವು. ಅವರು ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದುಕೊಂಡರು.

"ಅವತ್ತೇ ಕಡೀ ದಿನ ಅಂತ ನನಗ ಗೊತ್ತಿರಲಿಲ್ಲ ನೋಡು, ಮಾಂತೇಶ. ಅರ್ಜೆಂಟ್ ಐತಿ ಅಂತ ಊಟಕ್ಕೂ ಬಿಡದಂಗ ದುಡಿಸಿದ್ದೆ."

ಫೋನಿಟ್ಟು ನಾನು ಅತ್ತೆ. ಅದರಲ್ಲಿ ಮುಚ್ಚುಮರೆ ಏನಿದೆ?

ಹೊಸ ಪತ್ರ ಬಂತು. ಬೆನ್ ಈ ಸಲ ಏನೂ ಕೇಳದೆ ತೆಗೆದುಕೊಂಡರು. ಕೆಲವು ತಿಂಗಳಲ್ಲಿ ಲೈಸೆನ್ಸೂ ಬಂತು. ಮಗಳು ಅದರ ಮೇಲಿನ ನನ್ನ ಹೆಸರನ್ನು ಗುಜರಾತಿ ಧಾಟಿಯಲ್ಲಿ ಓದಿದಳು.

ನನ್ನ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ ವಡೋದರಾದ ಹೊರಗೆ, ಕೊಯಾಲಿ ಕಡೆಯ ಒಂದು ಮನೆ. ಮೂರನೆಯ ದಿನ ಏಣಿಯ ಮೇಲಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ರಾಚಣ್ಣನವರು ನನ್ನ ಜಾಗಕ್ಕೆ ಹೊಸಬನೊಬ್ಬನನ್ನು ಇಟ್ಟುಕೊಂಡಿದ್ದರು, ಫೋನ್ ಅವನದು.

"ಶಾರದಕ್ಕಾರ ಮನ್ಯಾಗ ಅದೀನ್ರಿ. ದೇವರ ಮನಿ ಲೈಟು ಹತ್ತವಲ್ದು. ವೈರಿನ ಪೈಪು ಎಲ್ಲಿಂದ ತಂದೀರಿ?"

ಹಳೆಯ ಗಿರಾಕಿ ಶಾರದಕ್ಕನ ಮನೆಗೆ ಹತ್ತು ವರ್ಷದ ಹಿಂದೆ ನಾನೇ ಮಾಡಿದ ಕೆಲಸ ಅದು. ಕಣ್ಣು ಮುಚ್ಚಿಕೊಂಡು ಹೇಳಿದೆ: "ಚೌಕಟ್ಟಿನ ಎಡಕ್ಕ ಒಂದು ಗೇಣು ಬಿಟ್ಟು ಮ್ಯಾಲೆ ಏರೇತಿ. ತೊಲಿ ಹತ್ರ ಬಲಕ್ಕ ಹೊಳ್ಳೇತಿ. ಅಲ್ಲೊಂದು ಜಾಯಿಂಟ್ ಐತಿ, ಅದನ್ನ ಬಿಚ್ಚು." ಆತ ಸುತ್ತಿಗೆಯಿಂದ ಗೋಡೆ ತಟ್ಟುವುದು ಕೇಳಿಸಿತು. "ಸಿಕ್ತು ಬಿಡ್ರಿ" ಎಂದು ಫೋನಿಟ್ಟ.

ಮನೆಯೊಡತಿ ನೀರು ತಂದು ನಿಂತಿದ್ದರು. ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವರು ಅದುವರೆಗೆ ಕೇಳಿಯೇ ಇರಲಿಲ್ಲ. ಯಾರ ಫೋನು ಎಂದು ವಿಚಾರಿಸಿದರು.

ನಮ್ಮೂರಿನಲ್ಲಿ ನನ್ನ ಕೆಲಸ ಮಾಡುವವನು ಎಂದೆ.