ಕೋಗಿಲಿನಲ್ಲಿ ಕೇಳಿದ ದನಿ

ದೆವ್ವ, ಮುನ್ಸೂಚನೆ, ಪೂರ್ವಜನ್ಮ ಎಂದು ಯಾರಾದರೂ ಶುರುಮಾಡಿದರೆ ನನಗೆ ಆಕಳಿಕೆ ಬರುತ್ತಿತ್ತು. ನೌಕಾಪಡೆಯ ಬೇಹುಗಾರಿಕೆ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ನಮ್ಮ ಕೆಲಸ ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ರೇಡಿಯೊ ಕೇಳುವುದು, ಕೇಳಿದ್ದನ್ನು ಅನುಮಾನಿಸುವುದು. ಇನ್ನೊಂದು ಕಡೆಯಿಂದ ಖಾತ್ರಿಯಾಗದ ಸುದ್ದಿ ನಮಗೆ ಸುದ್ದಿಯೇ ಅಲ್ಲ. ಹುದ್ದೆ ಏರುತ್ತಾ ಹೋಯಿತು, ಹೆಂಡತಿಗೂ ಹೇಳಲಾಗದ ವಿಷಯಗಳು ತಲೆಯಲ್ಲಿ ತುಂಬುತ್ತಾ ಹೋದವು. ನಿವೃತ್ತನಾಗಿ ಯಲಹಂಕದ ಪಕ್ಕದ ಕೋಗಿಲಿಗೆ ಬಂದಾಗ ನನಗೆ ಬೇಕಾಗಿದ್ದುದು ನಿದ್ದೆಯೊಂದೇ. ಅದು ಮಾತ್ರ ಬರುತ್ತಿರಲಿಲ್ಲ.

ಪಕ್ಕದ ಮನೆ ಫಯಾಜ್ ಅವರದು. ಹೆಬ್ಬಾಳದಲ್ಲಿ ಅವರದೊಂದು ಟೈರ್ ಅಂಗಡಿ. ಅವರ ತಾಯಿಯನ್ನು ನಾವೆಲ್ಲ ಅಮ್ಮೀ ಎನ್ನುತ್ತಿದ್ದೆವು. ಇಲ್ಲೇ ಹತ್ತಿರದ ಚಿಕ್ಕಜಾಲದಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ಉರ್ದು, ನನ್ನ ಜೊತೆ ಹಳ್ಳಿಗನ್ನಡ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಅವರಿಗೆ ಜ್ವರ ವಿಪರೀತವಾಯಿತು. ಫಯಾಜ್ ಕಾಂಪೌಂಡ್ ಆಚೆಯಿಂದ ಕರೆದರು.

"ಸಾರ್, ಔಷಧಿ ತಂದ್ಬಿಡ್ತೀನಿ. ಸ್ವಲ್ಪ ಅಮ್ಮೀ ಹತ್ರ ಕೂತ್ಕೋತೀರಾ? ಮನೇಲಿ ಯಾರೂ ಇಲ್ಲ."

ಹೋಗಿ ಕೂತೆ. ಕರೆಂಟ್ ಇರಲಿಲ್ಲ. ಅಮ್ಮೀ ಕಣ್ಣು ಮುಚ್ಚಿ ಮಲಗಿದ್ದರು. ನಾನೂ ದಣಿದು ಗೋಡೆ ನೋಡುತ್ತಿದ್ದೆ. ಆಗ ಅವರು ಮಾತಾಡಿದರು.

"ಗೂಬೆ ಸಾರ್, ಕೇಳ್ತಾ ಉಂಟಾ?"

ಹಾಗೆ ಕರೆಯುತ್ತಿದ್ದವನು ಮಲ್ಪೆಯ ಶೇಖರ ಒಬ್ಬನೇ. ನಮ್ಮ ರೇಡಿಯೊ ಆಪರೇಟರ್. ರಾತ್ರಿಪಾಳಿಯಲ್ಲಿ ರೆಪ್ಪೆ ಮುಚ್ಚದೆ ಕೂರುತ್ತಿದ್ದ ನನಗೆ ಅವನಿಟ್ಟ ಹೆಸರದು; ಇಬ್ಬರೇ ಇದ್ದಾಗ ಮಾತ್ರ ಅನ್ನುತ್ತಿದ್ದ. ಒಂದು ಮಳೆಗಾಲದಲ್ಲಿ ಅವನಿದ್ದ ಪುಟ್ಟ ಹಡಗು ಬಿರುಗಾಳಿಗೆ ಸಿಕ್ಕಿ ಮಾತು ನಿಲ್ಲಿಸಿತು. ಹಲಗೆಯ ಚೂರಾಗಲಿ, ಅದರಲ್ಲಿದ್ದವರಲ್ಲಿ ಒಬ್ಬರಾಗಲಿ ಸಿಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ನಾನು ಎಷ್ಟು ಕಾದೆನೋ.

ದನಿ ಅಮ್ಮೀಯದೇ. ಕನ್ನಡ ಮಾತ್ರ ಕರಾವಳಿಯದು.

"ಎಲ್ಲಿದ್ದೀಯೋ?" ಎಂದೆ, ನನಗೇ ತಿಳಿಯದಂತೆ.

"ನಾವೆಲ್ಲ ಒಟ್ಟಿಗೇ ಇದ್ದೇವೆ ಮಾರಾಯ್ರೆ. ನೀವಿನ್ನು ಕಾಯ್ಬೇಡಿ, ಮಲಗಿ."

ಅಷ್ಟೇ. ಎಷ್ಟು ಕರೆದರೂ ಮತ್ತೆ ಮಾತಿಲ್ಲ. ಫಯಾಜ್ ಬಂದಾಗ ನಾನು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದೆನಂತೆ. ಸಂಜೆ ಮನೆಗೆ ಬಂದು ಮಲಗಿದವನು ಎದ್ದದ್ದು ಮರುದಿನ ಬಿಸಿಲೇರಿದ ಮೇಲೆ.

ಜ್ವರ ಇಳಿದ ಮೇಲೆ, ಯಾವತ್ತಾದರೂ ಸಮುದ್ರದ ಕಡೆ ಹೋಗಿದ್ದಿರಾ ಎಂದು ಅಮ್ಮೀಯನ್ನು ವಿಚಾರಿಸಿದೆ. "ಸಮುದ್ರಾನಾ? ಟೀವಿಯಾಗೆ ನೋಡಿವ್ನಿ ಅಷ್ಟೇಯ," ಎಂದು ನಕ್ಕರು. "ಜ್ವರದಾಗೆ ಏನೇನ್ ಬಡಬಡಿಸಿದ್ನೋ, ತಪ್ಪು ತಿಳ್ಕಾಬ್ಯಾಡಿ ಸಾಬ್."

ನನಗೇ ಜೊಂಪು ಹತ್ತಿತ್ತೆ? ಇರಬಹುದು. ಕೇಳಿದವನು ನಾನೊಬ್ಬನೇ. ಇಂಥ ವರದಿಯನ್ನು ಕೈಕೆಳಗಿನವರು ತಂದಿದ್ದರೆ ಬೈದು ಕಳಿಸುತ್ತಿದ್ದೆ.

ಶೇಖರನ ಹೆಂಡತಿ ಲಲಿತಾ ಮಲ್ಪೆಯಲ್ಲೇ ಇದ್ದಾರೆ. ಗಂಡ ಯಾವುದೋ ದೇಶದ ಜೈಲಿನಲ್ಲಿರಬಹುದೆಂದು ಇಂದಿಗೂ ನಂಬಿದ್ದಾರೆ. ಪ್ರತಿ ಮಳೆಗಾಲಕ್ಕೂ ಫೋನ್ ಮಾಡುತ್ತಾರೆ. ಆ ವರ್ಷವೂ ಮಾಡಿದರು.

"ಸುದ್ದಿ ಏನಾದ್ರೂ ಉಂಟಾ ಸಾರ್?"

ಪ್ರತಿ ಸಲ "ಇಲ್ಲಮ್ಮ" ಎನ್ನುತ್ತಿದ್ದವನು ಅಂದು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಸಾರ್, ಲೈನಲ್ಲಿ ಇದ್ದೀರಾ?"

"ನಿಮ್ಮ ಕಡೆ ಮಳೆ ಶುರುವಾಯ್ತಾ?" ಎಂದು ಕೇಳಿದೆ.

ಅಂದಿನಿಂದ ಪ್ರತಿ ವರ್ಷವೂ ಮಳೆಯ ಮಾತೇ ಆಡುತ್ತೇವೆ. ಈ ಸಲದ ಮುಂಗಾರು ಹತ್ತಿರ ಬಂದಿದೆ. ಅವರಿಗೆ ಏನು ಹೇಳಬೇಕೋ, ನನಗಿನ್ನೂ ತಿಳಿದಿಲ್ಲ.