ನಾನು ತಡೆದಿಟ್ಟ ಸುದ್ದಿ

ಮನೆಗೊಂದೇ ಫೋನು, ಅದೂ ಅಡುಗೆಮನೆಯ ಗೋಡೆಯ ಮೇಲೆ ಇರುತ್ತಿದ್ದ ದಿನಗಳವು. ನಾನು ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ ನಾಲ್ಕನೇ ಕ್ಲಾಸು ಓದುತ್ತಿದ್ದೆ. ಆ ವಸಂತದಲ್ಲಿ ಕುಮಟೆಯ ಕಡೆಯಿಂದ ಅಜ್ಜ, ಅಂದರೆ ಅಮ್ಮನ ಅಪ್ಪ, ಕಡಲು ದಾಟಿ ನಮ್ಮಲ್ಲಿಗೆ ಬಂದಿದ್ದ. ಒಂದು ತಿಂಗಳು ಕಿಟಕಿಯ ಹತ್ತಿರ ಕೂತು ಮಳೆ ನೋಡಿದ್ದೇ ಅವನ ಕೆಲಸ. ಹಪ್ಪಳ ಸುಟ್ಟರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತಿತ್ತು. ಆಮೇಲೆ ಅದನ್ನೂ ಬಿಟ್ಟ.

ಅವನ ಬಾಯಿ ಬಿಡಿಸಿದ್ದು ನನ್ನ ಸ್ಕೂಲ್ ಪ್ರಾಜೆಕ್ಟು. ರೆಡ್ಮಂಡ್ ಇರುವ ರಾಜ್ಯದ ಪಶ್ಚಿಮ ತೀರದಲ್ಲಿ ರಸ್ತೆ ಬರುವ ಮುಂಚೆ ಟಪಾಲಿನವರು ಕಡಲು ಇಳಿಯುವ ಹೊತ್ತು ಕಾದು, ಚೀಲ ಹೊತ್ತು ಮರಳಿನಲ್ಲಿ ನಡೆಯುತ್ತಿದ್ದರು. ಇದನ್ನು ನನ್ನ ಹರಕು ಕನ್ನಡದಲ್ಲಿ ಹೇಳಿದಾಗ ಅಜ್ಜ ಎದ್ದೇ ನಿಂತ.

"ತಂಗೀ, ನಾ ಮಾಡಿದ್ದೂ ಅದೇ ಕೆಲ್ಸ!"

ಅಲ್ಲಿಂದ ಶುರುವಾಯಿತು ನಮ್ಮ ಆಟ. ಹಾಲಿನ ಕಾರ್ಪೆಟ್ಟು ಕಡಲ ದಂಡೆ. ಅಡುಗೆಮನೆ ನದಿ ಸಮುದ್ರ ಸೇರುವ ಅಳಿವೆ. ಅವನ ಟಪಾಲಿನ ಕೋಲಿಗೆ ಇರುತ್ತಿದ್ದಂತೆ ನನ್ನ ಡಾನ್ಸಿನ ಗೆಜ್ಜೆಯನ್ನು ಕೊಡೆಗೆ ಕಟ್ಟಿ, ಟವೆಲ್ಲಿನ ಚೀಲ ಹೊತ್ತು ಅಜ್ಜ ಝಲ್ ಝಲ್ ಎಂದು ಓಡಿಬರುತ್ತಿದ್ದ. ಊರಲ್ಲಿ ಅವನನ್ನು ಅಳಿವೆ ದಾಟಿಸುತ್ತಿದ್ದ ದೋಣಿ ಅವನ ತಮ್ಮನದು. ಆಟದಲ್ಲಿ ನಾನೇ ಆ ಚಿಕ್ಕಜ್ಜ. ದಾಟಿದ ಮೇಲೆ ಇಬ್ಬರೂ ಕೂತು ಮಜ್ಜಿಗೆ ಅವಲಕ್ಕಿ ತಿನ್ನಲೇಬೇಕು.

ಒಮ್ಮೆ ಗುಟ್ಟೊಂದನ್ನು ಹೇಳಿದ. ಮದುವೆ ನಡೆಯುತ್ತಿದ್ದ ಮನೆಗೆ ಸಾವಿನ ಕಾರ್ಡು ಬಂದಿತ್ತಂತೆ. ಕೊಟ್ಟರೆ ಸೂತಕ, ಮದುವೆಯೇ ನಿಲ್ಲುತ್ತಿತ್ತು.

"ತಾಳಿ ಕಟ್ಟೂವರೆಗೂ ಸೊಂಟದಲ್ಲೇ ಇಟ್ಕಂಡಿದ್ದೆ. ನಾ ತಡ ಮಾಡಿದ್ದು ಅದೊಂದೇ ಕಾಗ್ದ," ಅಂದ. ನನಗೆ ಅಜ್ಜನ ಮೇಲೆ ಹೆಮ್ಮೆಯೋ ಹೆಮ್ಮೆ.

ಶುಕ್ರವಾರ ಕ್ಲಾಸಿಗೆ ಬಂದು ಮಾತಾಡಲಿ ಎಂದು ಟೀಚರ್ ಅಜ್ಜನನ್ನು ಕರೆದರು. ಮಂಗಳವಾರವೇ ಅವನ ಅಂಗಿಗೆ ಇಸ್ತ್ರಿಯಾಯಿತು. ಗುರುವಾರ ಬೆಳಿಗ್ಗೆ ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೊರಟಾಗಿತ್ತು, ಅಜ್ಜ ಸ್ನಾನಕ್ಕೆ ಹೋಗಿದ್ದ. ಫೋನು ಬಂತು. ಊರಿನಿಂದ ಚಿಕ್ಕಜ್ಜನ ಮಗಳು ಸುಶೀಲ ಚಿಕ್ಕಮ್ಮ.

"ಅಪ್ಪಂಗೆ ಏಳೂಕೇ ಆಗ್ತಿಲ್ಲ. ಅಣ್ಣನ ಹತ್ರ ಒಂದ್ ಮಾತಿದೆ ಅಂತ್ನೇ ಇದ್ದ. ದೊಡ್ಡಪ್ಪಂಗೆ, ನಿನ್ ಅಜ್ಜಂಗೆ, ಈಗ್ಲೇ ಫೋನ್ ಮಾಡೂಕೆ ಹೇಳು, ಆಯ್ತಾ?"

"ಓಕೆ," ಅಂದೆ.

ಹೇಳಲಿಲ್ಲ. ಹೇಳಿದರೆ ಅಜ್ಜ ನಾಳೆ ಬರುವುದಿಲ್ಲ. ಒಂದೇ ದಿನ ತಾನೇ? ಅಜ್ಜನೂ ಹೀಗೇ ಮಾಡಿದ್ದನಲ್ಲ? ಬಸ್ಸಿನಲ್ಲಿ ಕೂತಾಗ ನನಗೆ ಭಯವೇ ಇರಲಿಲ್ಲ, ದೊಡ್ಡವಳಾದೆ ಅನ್ನಿಸಿತ್ತು.

ಶುಕ್ರವಾರ ಅಜ್ಜ ಕ್ಲಾಸಿನ ತುಂಬ ಗೆಜ್ಜೆ ಕೊಡೆ ಹಿಡಿದು ಓಡಿದ. ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸಂಜೆ ಮತ್ತೆ ಫೋನು ಬಂತು. ಅಮ್ಮ ಅಳುತ್ತಾ ಅಜ್ಜನ ಕೈಗೆ ಕೊಟ್ಟಳು. ಚಿಕ್ಕಜ್ಜ ಹೋಗಿದ್ದ.

ಅಮ್ಮ ಅಪ್ಪನಿಗೆ ತಿಳಿಸಲು ಒಳಗೆ ಹೋದಾಗ ಅಜ್ಜ ನನ್ನನ್ನು ಹತ್ತಿರ ಕರೆದ.

"ನಿನ್ನೆ ಫೋನ್ ಬಂದಿತ್ತನೇ?"

ತಲೆಯಾಡಿಸಿದೆ. "ನೀನೂ ಕಾರ್ಡು ಇಟ್ಕೊಂಡಿದ್ಯಲ್ಲ ಅಜ್ಜ..."

"ಆ ಕಾರ್ಡಿನವ ಸತ್ತಾಗಿತ್ತು ತಂಗಿ. ನನ್ ತಮ್ಮ ನಿನ್ನೆ ಬದುಕಿದ್ದ."

ಬೈಯಲಿಲ್ಲ, ಅಮ್ಮನಿಗೆ ಹೇಳಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಟ ಅಲ್ಲಿಗೇ ನಿಂತಿತು. ತಿಂಗಳೊಳಗೆ ಅಜ್ಜ ಊರಿಗೆ ಹೊರಟ, ಮತ್ತೆ ಬರಲಿಲ್ಲ. ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳುತ್ತಿದ್ದ, ಅಷ್ಟೇ. ಅವನು ಓಡಿದ ದಾರಿಯ ಕಥೆಗಳಲ್ಲಿ ನನಗೆ ಸಿಕ್ಕಿದ್ದು ಮೂರೋ ನಾಲ್ಕೋ; ಉಳಿದವು ಅವನ ಜೊತೆಗೇ ಹೋದವು.

ಈಗ ನಾನು ರೆಡ್ಮಂಡಿನ ಹತ್ತಿರದ ಬಾಥೆಲ್‌ನಲ್ಲಿದ್ದೇನೆ. ನನ್ನ ಮಕ್ಕಳಿಗೆ ಅಜ್ಜನ ಕಥೆ ಹೇಳಲು ಹೊರಟು ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿದ್ದೇನೆ. ಹೋದ ವರ್ಷ ಧೈರ್ಯ ಮಾಡಿ ಸುಶೀಲ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಆಗ ನಾನು ಮಗು, ಹೇಳಲು ಮರೆತಿರಬೇಕು ಎಂದೇ ಅವಳು ತಿಳಿದಿದ್ದಾಳೆ. ನಾನು ತಿದ್ದಲಿಲ್ಲ. ಚಿಕ್ಕಜ್ಜ ಹೇಳಬೇಕೆಂದಿದ್ದ ಮಾತು ಯಾವುದು ಎಂದಷ್ಟೇ ಕೇಳಿದೆ.

"ನಂಗೂ ಹೇಳ್ಲಿಲ್ಲ ತಂಗಿ," ಅಂದಳು. "ಅಣ್ಣಂಗೇ ಹೇಳೂದು ಅಂದ. ಬೆಳಗಾಗೂವರೆಗೂ ಫೋನ್ ಕಡಿಗೇ ನೋಡ್ತಾ ಮಲಗಿದ್ದ."