ಲಿಂಗಪ್ಪನವರ ಬ್ಲಾಕು

ಕಳೆದ ವಾರ ನೀವೆಲ್ಲ ಸೇರಿ ಈ ಪತ್ರಿಕೆಯನ್ನು ಮುಳುಗಿಸುವುದರಲ್ಲಿದ್ದಿರಿ. ಗೊತ್ತೇ?

ನಿಮ್ಮ ಮೆಚ್ಚಿನ ನಾಯಕರು ಯಾರು, ಒಂದು ಕಾರ್ಡು ಬರೆಯಿರಿ ಎಂದು ನಾವು ಕೇಳಿದ್ದೇನೋ ನಿಜ. ಆದರೆ ಕೇಳುವಾಗಲೇ ಉತ್ತರ ನಮಗೆ ಗೊತ್ತಿತ್ತು. ಲಿಂಗಪ್ಪನವರು! ಇನ್ಯಾರು? ಪ್ರಗತಿಪರರ ಮುಂದಾಳು. ಟೌನ್‌ಹಾಲ್ ಮುಂದೆ ಅವರು ಮೈಕ್ ಹಿಡಿದರೆ ಜಟಕಾದವರೂ ಕುದುರೆ ನಿಲ್ಲಿಸಿ ಕೇಳುತ್ತಾರೆ. ಕೋಪ ಮಾತ್ರ ಮೂಗಿನ ತುದಿಯಲ್ಲೇ. ಮೇಲಾಗಿ ಈ ಪತ್ರಿಕೆ ಅಚ್ಚಾಗುವ ಪ್ರೆಸ್ಸು ಅವರದು. (ಅವರು ಬಾಗಿಲು ಹಾಕಿದರೆ ನಾವು ಬೀದಿಯಲ್ಲಿ ನಿಂತು ಸುದ್ದಿ ಕೂಗಬೇಕಷ್ಟೆ.)

ಹಾಗಾಗಿ ನಮ್ಮ ಸಂಪಾದಕರು ಮೊದಲೇ ಅವರನ್ನು ಸ್ಟುಡಿಯೋಗೆ ಕರೆದೊಯ್ದು ಫೋಟೋ ತೆಗೆಸಿ, ಅದು ಅಚ್ಚಾಗಲು ಬೇಕಾದ ಲೋಹದ ಬ್ಲಾಕನ್ನೂ ಮಾಡಿಸಿಟ್ಟರು. ಕಾರ್ಡುಗಳು ಇನ್ನೂ ಬಂದೇ ಇರಲಿಲ್ಲ!

ಬಂದವು. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಹೆಸರು. ಪುಟ್ಟನಂಜಮ್ಮ.

ನಮ್ಮ ಸಂಪಾದಕರು ವಾರವಾರ ತಪ್ಪದೆ ಬೈಯುವ ಮುನಿಸಿಪಲ್ ಸದಸ್ಯೆ ಈಕೆ. ಮಂಡಿ ಮೊಹಲ್ಲಾದಲ್ಲಿ ನಲ್ಲಿ ಕೆಟ್ಟರೂ, ಲಷ್ಕರ್ ಮೊಹಲ್ಲಾದಲ್ಲಿ ದೀಪ ಹತ್ತದಿದ್ದರೂ ಬೈಗುಳ ಅವರಿಗೇ. ಆಕೆಯೋ, ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಅಲ್ಲಿಗೇ ಹೋಗಿ, ರಿಪೇರಿ ಆಗುವ ತನಕ ಕದಲುವುದಿಲ್ಲವಂತೆ. "ನೀವು ಬೈತೀರಿ, ಆಯಮ್ಮ ಮಾಡ್ತಾರೆ. ನಮಗೆ ಇಬ್ಬರೂ ಬೇಕು" ಎಂದು ನಿಮ್ಮಲ್ಲೊಬ್ಬರು ಬರೆದಿದ್ದರು. ಓದಿ ಆ ಕಾರ್ಡನ್ನು ಸಂಪಾದಕರ ಮೇಜಿನ ಮೇಲಿಟ್ಟೆ.

"ಲಿಂಗಪ್ಪನವರ ಬ್ಲಾಕು ಏನ್ಮಾಡೋಣ ಸಾರ್?" ಎಂದೆ.

"ಓದುಗರನ್ನ ಕೇಳಿದ್ದು ನಾವೇ ಕಣ್ರೀ. ಈಗ ಕಿವಿ ಮುಚ್ಕೊಂಡ್ರೆ ಆಗುತ್ತಾ? ಆಯಮ್ಮನ ಹೆಸರೇ ಹಾಕಿ" ಎಂದರು ಸಂಪಾದಕರು. ದನಿ ಗಟ್ಟಿಯಾಗಿತ್ತು. ನಶ್ಯ ಮಾತ್ರ ಎರಡೆರಡು ಸಲ ಏರಿಸಿದರು. (ಮೊದಲ ಪುಟದಲ್ಲಿ ಫೋಟೋ ಯಾಕಿಲ್ಲ ಎಂದು ಕೇಳಿದವರೇ, ಆಕೆಯ ಬ್ಲಾಕು ನಮ್ಮಲ್ಲಿರಲಿಲ್ಲ.)

ಅಚ್ಚು ಅರ್ಧ ಆಗಿತ್ತು, ಲಿಂಗಪ್ಪನವರೇ ಬಂದುಬಿಟ್ಟರು. ಒಂದು ಹಾಳೆ ಎತ್ತಿಕೊಂಡು ಓದಿದರು. ಮೆಷಿನ್ನಿನವನು ಹೆದರಿ ಮೆಷಿನ್ ನಿಲ್ಲಿಸಿದ.

"ನನಗೆಷ್ಟು ಬಂದ್ವು?"

"ನಾಲ್ಕು" ಎಂದರು ಸಂಪಾದಕರು, ನೆಲ ನೋಡುತ್ತ.

"ನಾಲ್ಕಾ? ನಮ್ಮನೇಲೇ ಐದು ಜನ ಬರೆದಿದ್ದೀವಲ್ರೀ!"

ಇಷ್ಟು ವರ್ಷ ನಡೆಸಿಕೊಂಡು ಬಂದ ಪತ್ರಿಕೆ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಅವರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು. "ಆ ಒಂದು ಕಾರ್ಡು ಪುಟ್ಟನಂಜಮ್ಮಂಗೆ ಬರೆದಿರೋದು ನಮ್ಮ ಮನೆಯವಳೇ ಇರ್ಬೇಕು ಕಣ್ರೀ. ಗಂಡನ್ನ ಕೇಳ್ದೆ ಓಟು ಹಾಕಿ ಅಂತ ಊರ ಹೆಂಗಸ್ರಿಗೆಲ್ಲ ಹೇಳ್ಕೊಂಡು ಬಂದೋನು ನಾನು. ಇವಳು ಹಾಕೇಬುಟ್ಟವ್ಳೆ!" ಎಂದವರು ಬಿದ್ದು ಬಿದ್ದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಯಾಕೆ ನಿಲ್ಲಿಸ್ಬುಟ್ರಿ? ಓಡ್ಸಿ ಮೆಷಿನ್ನು!"

ಊರಿನ ಓಟು ತಪ್ಪಿದರೇನು, ಅವರ ಭಾಷಣವನ್ನು ನಿಜವಾಗಿ ಕೇಳಿಸಿಕೊಂಡವರು ಮನೆಯಲ್ಲೇ ಒಬ್ಬರಿದ್ದರಲ್ಲ, ನಾಯಕನಾದವನಿಗೆ ಇನ್ನೇನು ಬೇಕು ಹೇಳಿ?